ಮನೆ ಮಾರಬೇಕು, ಬಂದವರು ನೋಡಿಕೊಂಡು ಹೋಗುತ್ತಾರೆ ಅಷ್ಟೇ. ಎಲ್ಲಿ ಖರ್ಚು ಮಾಡಲಿ?

ವಿನೋಬನಗರದ ಮಗಳು
ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿನೋಬನಗರದಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ ಇದೆ. 30-40 ಸೈಟು. ಪಡಸಾಲೆ, ಎರಡು ರೂಮು, ಅಡುಗೆಮನೆ, ಹಿಂದೆ ಬಚ್ಚಲು, ಸ್ವಲ್ಪ ಹಿತ್ತಲು. ನೆಲ ಪೂರ್ತಿ ರೆಡ್ ಆಕ್ಸೈಡ್. ಅಪ್ಪ ಹೋದ ವರ್ಷ ತೀರಿಕೊಂಡರು. ಅಮ್ಮ ಒಬ್ಬರೇ ಇರುವುದು ಕಷ್ಟ ಆಗುತ್ತಿದೆ, ತಮ್ಮ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ. ಹಾಗಾಗಿ ಮಾರೋಣ ಎಂದು ಮೂವರೂ ಕೂತು ತೀರ್ಮಾನ ಮಾಡಿದೆವು.

ಮೂರು ತಿಂಗಳಲ್ಲಿ 11 ಕುಟುಂಬದವರು ಬಂದು ನೋಡಿದ್ದಾರೆ. ಎಲ್ಲರೂ ಟೀ ಕುಡಿದು, "ಮನೇಲಿ ಮಾತಾಡಿ ಹೇಳುತ್ತೇವೆ" ಎಂದು ಹೋದರು. ಒಬ್ಬರೂ ತಿರುಗಿ ಫೋನ್ ಮಾಡಿಲ್ಲ. ನಾವು ಹೇಳುತ್ತಿರುವುದು 72 ಲಕ್ಷ. ಹಿಂದಿನ ರೂಮಿನ ಗೋಡೆ ಒಂದು ಕಡೆ ಒದ್ದೆ ಆಗುತ್ತದೆ, ಬಣ್ಣ ಹೊಪ್ಪಳಿಕೆ ಎದ್ದಿದೆ. ಬ್ರೋಕರ್ ಹೇಳುವುದು ಒಂದೇ ಮಾತು, "ಮೇಡಂ, ಫುಲ್ ಪೇಂಟ್ ಮಾಡಿಸಿ, ಟೈಲ್ಸ್ ಹಾಕಿಸಿ, ಒಂದು ವಾರದಲ್ಲಿ ಪಾರ್ಟಿ ತರುತ್ತೇನೆ." ನಮ್ಮ ಹತ್ತಿರ ಇರುವುದು 2 ಲಕ್ಷ. ಬಣ್ಣಕ್ಕೆ ಹಾಕಲಾ, ಟೈಲ್ಸ್‌ಗಾ, ಅಡುಗೆಮನೆಗಾ? ಮಾಡಿಸಿದವರು, ಮಾರಿದವರು ಹೇಳಿ.

ಬಣ್ಣದ ಡಬ್ಬಿ
ಅಕ್ಕ, ಬಣ್ಣ ಮಾಡಿಸಿ. ನಾನು ಇದೇ ಕೆಲಸದಲ್ಲಿ 16 ವರ್ಷ ಇದ್ದೇನೆ. ಗೇಟು, ಕಾಂಪೌಂಡು, ಪಡಸಾಲೆ ಇಷ್ಟು ಹೊಳೆದರೆ ಅರ್ಧ ಕೆಲಸ ಆದ ಹಾಗೆ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮನಸ್ಸಿನಲ್ಲಿ ರೇಟು ಕಟ್ಟಿರುತ್ತಾರೆ. ತಿಳಿ ಬಣ್ಣ ಹೊಡೆಸಿ. ಒಂದೊಂದು ರೂಮಿಗೆ ಒಂದೊಂದು ಬಣ್ಣ ಬೇಡ. ಆ ಒದ್ದೆ ಗೋಡೆಗೆ ಎರಡು ಕೋಟು ಪುಟ್ಟಿ ಎಳೆದರೆ ಗೊತ್ತೂ ಆಗುವುದಿಲ್ಲ.

ಕರಣೆ ಹಿಡಿದವನು
ಕೊನೆ ಸಾಲು ತಪ್ಪು ಅಣ್ಣ. ದಯವಿಟ್ಟು ಹಾಗೆ ಹೇಳಬೇಡಿ. ಒದ್ದೆ ಗೋಡೆ ಮೇಲೆ ಪುಟ್ಟಿ ಎಳೆದರೆ ಎರಡು ತಿಂಗಳು ನಿಲ್ಲಬಹುದು. ಆಮೇಲೆ ಇಟ್ಟಿಗೆಯಲ್ಲಿರುವ ಉಪ್ಪು ನೀರಿನ ಜೊತೆ ಹೊರಗೆ ಬಂದು ಬಿಳಿ ಪುಡಿ ಆಗುತ್ತದೆ, ಪುಟ್ಟಿಯನ್ನೇ ತಳ್ಳಿ ಬೀಳಿಸುತ್ತದೆ.

ಅಕ್ಕಾರೆ, ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಒದ್ದೆ ಇದ್ದರೆ ತಳದಿಂದ ಏರುತ್ತಿರುವ ನೀರು. ಮೇಲಿಂದ ಇಳಿದಿದ್ದರೆ ಮಾಳಿಗೆ. ಮಳೆಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಒಣಗುತ್ತದೆ ಅಂದರೆ ಹೊರಗಿನ ನೀರು. ಬೇಸಿಗೆಯಲ್ಲೂ ಹಾಗೇ ಇದೆ ಅಂದರೆ ಪೈಪು. ಇನ್ನೊಂದು ಮಾಡಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೆಗೆ ನಾಲ್ಕೂ ಕಡೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ಬೆವರಿದ್ದರೆ ನೀರು ಗೋಡೆಯೊಳಗೇ ಇದೆ. ಹೊರಮೈಯಲ್ಲಿದ್ದರೆ ಅದು ರೂಮಿನ ತೇವ, ಕಿಟಕಿ ತೆರೆದು ಗಾಳಿ ಆಡಿಸಿದರೆ ಸಾಕು.

ಬಣ್ಣದ ಡಬ್ಬಿ
ಗೋಡೆ ಒಳಗಿಂದಲೇ ನೀರು ಬರುತ್ತಿದ್ದರೆ ನಿಮ್ಮ ಮಾತು ಸರಿ. ಆದರೆ ಅವರಿಗೆ ಬೇಗ ಮಾರಬೇಕಲ್ಲ, ಅದಕ್ಕೆ ಹೇಳಿದೆ.

ಅಡಿಕೆ ಸೀಮೆ
ಬೇಗ ಮಾರಲಿ, ಆದರೆ ತಗೊಳ್ಳುವವರ ಗತಿ? ನಾವು ಚನ್ನಗಿರಿ ಕಡೆಯವರು. ಮಕ್ಕಳ ಓದಿಗೆ ದಾವಣಗೆರೆಯಲ್ಲಿ ಮನೆ ತಗೊಂಡಾಗ ಗೋಡೆ ಕನ್ನಡಿ ಹಾಗಿತ್ತು. ಮೇ ತಿಂಗಳಲ್ಲಿ ನೋಡಿದ್ದು. ಜುಲೈನಲ್ಲಿ ಅಡುಗೆಮನೆ ಮೂಲೆಯಲ್ಲಿ ಕಪ್ಪು ಬೂಷ್ಟು. ಮಾರಿದವರಿಗೆ ಫೋನ್ ಮಾಡಿದರೆ "ನಮ್ಮ ಕಾಲದಲ್ಲಿ ಇರಲಿಲ್ಲ" ಎಂದುಬಿಟ್ಟರು. ಪ್ಲಾಸ್ಟರ್ ಕಿತ್ತು ನೋಡಿದರೆ ಒಳಗೆ ಹಳೇ ಬೂಷ್ಟು ಪದರ ಪದರ. ಒಂದು ಲಕ್ಷದ ಮೇಲೆ ಖರ್ಚಾಯಿತು. ಇವತ್ತಿಗೂ ಆ ಮನೆಯವರ ಹೆಸರು ಬಂದರೆ ನಮ್ಮ ಮನೆಯಲ್ಲಿ ಮಾತು ನಿಂತುಹೋಗುತ್ತದೆ.

ಅದಾದ ಮೇಲೆ ಈಗ ತಂಗಿಗೆ ಮನೆ ನೋಡುವಾಗ ಹೊಸ ಬಣ್ಣದ ವಾಸನೆ ಬಂದರೆ ನನಗೆ ಅನುಮಾನವೇ ಜಾಸ್ತಿ. ಅಂಗೈಯಿಂದ ಗೋಡೆ ತಟ್ಟಿ ನೋಡುತ್ತೇನೆ. ಡೊಳ್ಳು ಸದ್ದು ಬಂದರೆ ಹೊರಟುಬಿಡುತ್ತೇನೆ.

ಹರಿಹರದ ಸೇತುವೆ
ಅಕ್ಕ, ಆ 11 ಜನರಿಗೆ ಒಂದು ಸಲ ನೀವೇ ಫೋನ್ ಮಾಡಿ ಕೇಳಿ. "ತಗೊಳ್ಳಿ ಅಂತ ಕೇಳುತ್ತಿಲ್ಲ, ಏನು ಇಷ್ಟ ಆಗಲಿಲ್ಲ ಹೇಳಿ ಸಾಕು" ಅನ್ನಿ. ನಾವು ಹಾಗೆ ಕೇಳಿದಾಗ ಗೊತ್ತಾಗಿದ್ದು, ನಮ್ಮ ಮನೆಯ ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಹತ್ತಲು ಆಗುವುದಿಲ್ಲ ಎಂದು. ಕಂಬಿ ಹಾಕಿಸಿದೆವು. ಮುಂದಿನ ತಿಂಗಳು ಮನೆ ಹೋಯಿತು.

ಎಂಸಿಸಿ ಬಿ ಬ್ಲಾಕ್
ರೆಡ್ ಆಕ್ಸೈಡ್ ಮೇಲೆ ಟೈಲ್ಸ್ ಮಾತ್ರ ಹಾಕಿಸಬೇಡಿ. ಈಗ ಆ ನೆಲ ಹಾಕುವ ಕೈಗಳೇ ಕಡಿಮೆ. ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಗೊತ್ತು ಅದರ ಸುಖ. ಸೋಪಿನ ನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ವ್ಯಾಕ್ಸ್ ಪಾಲಿಶ್ ಮಾಡಿಸಿ. ಕೆಂಪು ತಾನೇ ಎದ್ದು ಬರುತ್ತದೆ.

ನಿಟುವಳ್ಳಿ ಅಮ್ಮ
ನಮ್ಮತ್ತೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕುತ್ತಿದ್ದರು. ಆದರೆ ಮನೆ ತೋರಿಸುವ ಹಿಂದಿನ ದಿನ ಹಚ್ಚಬೇಡಿ, ಯಾರಾದರೂ ಜಾರಿ ಬಿದ್ದಾರು.

ಬಣ್ಣದ ಡಬ್ಬಿ
ನೆಲದ ವಿಷಯ ಒಪ್ಪುವುದಿಲ್ಲ. ಈಗಿನ ಹುಡುಗರಿಗೆ ಬಿಳಿ ಟೈಲ್ಸೇ ಬೇಕು.

ಎಂಸಿಸಿ ಬಿ ಬ್ಲಾಕ್
ಬೇಕಾದರೆ ಅವರೇ ಹಾಕಿಸಿಕೊಳ್ಳಲಿ. ಮಾರುವವರು ಒಂದೂವರೆ ಲಕ್ಷ ಸುರಿದು, ತಗೊಂಡವರು ಆ ಬಣ್ಣ ಇಷ್ಟ ಇಲ್ಲ ಎಂದು ಕಿತ್ತು ಹಾಕಿದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಅಡುಗೆಮನೆಯೂ ಹಾಗೆ. ಕಡಪ ಕಲ್ಲಿನ ಕಟ್ಟೆ ಗಟ್ಟಿ ಇದ್ದರೆ ಎಣ್ಣೆ ಜಿಡ್ಡು ತೆಗೆಸಿ, ನಲ್ಲಿ ಬದಲಾಯಿಸಿ, ಸಾಕು.

ದುರ್ಗದವನು
ನಮ್ಮ ಚಿತ್ರದುರ್ಗದಲ್ಲಿ ಬಣ್ಣ ಆಮೇಲೆ, ಮೊದಲ ಪ್ರಶ್ನೆ ನೀರು. ಬೋರ್ ಇದೆಯಾ, ಎಷ್ಟು ಅಡಿ, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ, ಸಂಪು ಎಷ್ಟು ಲೀಟರು. ನಮ್ಮ ಕಡೆ ಎಷ್ಟೋ ಊರಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅದಕ್ಕೆ ನಾನು ಮೆದೇಹಳ್ಳಿ ರಸ್ತೆಯ ಮನೆ ಮಾರುವಾಗ ನೀರು ಪರೀಕ್ಷೆ ಮಾಡಿಸಿ ಆ ಕಾಗದ ಕೈಯಲ್ಲಿ ಇಟ್ಟುಕೊಂಡಿದ್ದೆ. ಕೇಳಿದ ತಕ್ಷಣ ತೋರಿಸಿದೆ. ಸಂಪು ತೊಳೆಸಿ. ಮುಚ್ಚಳ ತೆಗೆದು ನೋಡುವವರು ಇದ್ದೇ ಇರುತ್ತಾರೆ.

ಖಾಲಿದೋಸೆ
ದಾವಣಗೆರೆಯಲ್ಲೂ ಅದೇ ಕೇಳುತ್ತಾರೆ. ಪಾಲಿಕೆ ನೀರು ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆಗೆ ಬರುತ್ತದೆ ಎಂದು ಸರಿಯಾಗಿ ಹೇಳಿ. ಸುಮ್ನೆ "ನೀರಿಗೇನೂ ತೊಂದರೆ ಇಲ್ಲ" ಅಂದರೆ ಪಕ್ಕದ ಮನೆಯಲ್ಲಿ ಹೋಗಿ ಕೇಳುತ್ತಾರೆ. ಅಂದ ಹಾಗೆ ಪಕ್ಕದ ಮನೆಯವರಿಗೆ ಮೊದಲು ಹೇಳಿದ್ದೀರಾ? ಎಷ್ಟೋ ಸಲ ಅವರೇ ತಗೊಳ್ಳುತ್ತಾರೆ, ಇಲ್ಲ ಅವರ ನೆಂಟರನ್ನು ಕರೆತರುತ್ತಾರೆ.

ಬೆಳಕಿನ ವಿಷಯ ಒಂದು. ಮಧ್ಯಾಹ್ನ ತೋರಿಸಬೇಡಿ. ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ಮಾಳಿಗೆ ಕಾದು ಕೂತಿರುತ್ತದೆ. ಬೆಳಗ್ಗೆ ಎಂಟರಿಂದ ಹತ್ತು ಒಳ್ಳೆಯದು. ಪರದೆ ಪಕ್ಕಕ್ಕೆ ಸರಿಸಿ ಕಟ್ಟಿ, ಎಲ್ಲ ಕಿಟಕಿ ತೆರೆದಿಡಿ.

ಹರಿಹರದ ಸೇತುವೆ
ಬೆಳಗ್ಗೆ ಎಂಟಕ್ಕೆ ಅಂದರೆ ನೋಡಲು ಬಂದವರು ಬೆಣ್ಣೆ ದೋಸೆ ತಿಂದುಕೊಂಡು ಹಾಗೇ ಊರಿಗೆ ಹೋಗಬಹುದು.

ಅಡಿಕೆ ಸೀಮೆ
ನಾವು ಮಾಡಿದ್ದು ಅದನ್ನೇ. ಮನೆ ಬೇಡ ಎಂದಾದ ದಿನವೂ ದೋಸೆ ಬಿಟ್ಟಿಲ್ಲ.

ಪತ್ರ ಬರೆಯುವವನು
ಎಲ್ಲರೂ ಗೋಡೆ, ನೆಲ ಮಾತಾಡುತ್ತಿದ್ದೀರಿ. ನನಗೆ ಅನಿಸಿದ್ದು ಬೇರೆ. ಖಾತೆ ಯಾರ ಹೆಸರಲ್ಲಿದೆ? ತಂದೆ ಹೋದ ವರ್ಷ ತೀರಿಕೊಂಡಿದ್ದಾರೆ. ಇನ್ನೂ ಅವರ ಹೆಸರಲ್ಲೇ ಇದ್ದರೆ ಆ 11 ಜನ ಹೋಗಿದ್ದು ಒದ್ದೆ ಗೋಡೆಗೆ ಅಲ್ಲದೇ ಇರಬಹುದು.

ನಗರದ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಇ-ಖಾತೆ, ಅಂದರೆ ಕಂಪ್ಯೂಟರ್‌ಗೆ ಏರಿಸಿದ ಖಾತೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ ಜೋಡಿಸಿಕೊಂಡು ಪಾಲಿಕೆಗೆ ಅರ್ಜಿ ಕೊಡಿ. ವಿಲ್ ಬರೆದಿಲ್ಲ, ಮನೆ ತಂದೆಯ ಸ್ವಂತ ಗಳಿಕೆ ಅಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಾಯಿ, ನೀವು, ತಮ್ಮ, ಮೂವರಿಗೂ ಸಮಪಾಲು. ತಂದೆಯ ತಾಯಿ, ಅಂದರೆ ನಿಮ್ಮ ಅಜ್ಜಿ ಬದುಕಿದ್ದರೆ ಅವರಿಗೂ ಒಂದು ಪಾಲು. ಇದನ್ನು ತುಂಬ ಜನ ಮರೆಯುತ್ತಾರೆ. ಕ್ರಯಪತ್ರಕ್ಕೆ ಎಲ್ಲರೂ ಸಹಿ ಹಾಕಬೇಕು, ಇಲ್ಲ ಹಕ್ಕು ಬಿಡುಗಡೆ ಪತ್ರ ಮಾಡಿಕೊಳ್ಳಬೇಕು. ಇಸಿ, ಅಂದರೆ ಆಸ್ತಿ ಮೇಲೆ ಸಾಲ, ಋಣ ಏನಿದೆ ಎಂದು ತೋರಿಸುವ ಕಾಗದ, ತೆಗೆಸಿ. ಹಳೇ ಬ್ಯಾಂಕ್ ಸಾಲ ತೀರಿದ್ದರೂ ಅಡಮಾನ ರದ್ದಾಗದೆ ಇಸಿಯಲ್ಲಿ ಹಾಗೇ ಉಳಿದಿರುವುದನ್ನು ಬಹಳ ನೋಡಿದ್ದೇನೆ.

ವಿನೋಬನಗರದ ಮಗಳು
ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ ಸರ್. ಅಜ್ಜಿ ಇಲ್ಲ. ಮನೆ ಸಾಲ 2006ರಲ್ಲೇ ತೀರಿತ್ತು. ಇಸಿ ನೋಡಿಲ್ಲ, ನಾಳೆಯೇ ಹಾಕುತ್ತೇನೆ. ಬಂದವರಲ್ಲಿ ಇಬ್ಬರು ಖಾತೆ ಕೇಳಿದ್ದು ನಿಜ. ಬ್ರೋಕರ್ "ಅದೆಲ್ಲ ಆಮೇಲೆ ಮಾಡಿಸೋಣ" ಎಂದಿದ್ದರು.

ಪತ್ರ ಬರೆಯುವವನು
ಆಮೇಲೆ ಅಲ್ಲ, ಈಗಲೇ. ಕಾಗದ ಸರಿ ಇಲ್ಲದ ಮನೆಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. 72 ಲಕ್ಷ ಸಾಲ ಇಲ್ಲದೆ ತರುವವರು ಎಷ್ಟು ಜನ ಇದ್ದಾರು? ಇನ್ನೊಂದು, ತಗೊಳ್ಳುವವರ ಜೇಬನ್ನೂ ನೋಡಿ. ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. 70 ಲಕ್ಷದ ಮನೆಗೆ ಅಲ್ಲೇ 4 ಲಕ್ಷ 90 ಸಾವಿರ, ಅದರ ಮೇಲೆ ಸೆಸ್ಸು ಸರ್ಚಾರ್ಜು. ಅದನ್ನೂ ಸೇರಿಸಿಯೇ ಅವರು ನಿಮ್ಮ ರೇಟು ನೋಡುತ್ತಾರೆ.

ಎಂಸಿಸಿ ಬಿ ಬ್ಲಾಕ್
ಪಿತ್ರಾರ್ಜಿತ ಬಂದ ಮನೆಗೆ ತೆರಿಗೆ ಇಲ್ಲ ಅಲ್ವಾ? ಅಷ್ಟು ಸಮಾಧಾನ.

ಲೆಕ್ಕದ ಪುಸ್ತಕ
ಇಲ್ಲ, ಇದು ಎಲ್ಲರೂ ಮಾಡುವ ತಪ್ಪು. ಅಪ್ಪನಿಂದ ಮನೆ ಬಂದಾಗ ತೆರಿಗೆ ಇಲ್ಲ. ಆ ಮನೆ ಮಾರಿದಾಗ ಇದೆ. ತಂದೆ ಇಟ್ಟುಕೊಂಡಿದ್ದ ವರ್ಷಗಳೂ ಲೆಕ್ಕಕ್ಕೆ ಸೇರುವುದರಿಂದ ಇದು ದೀರ್ಘಾವಧಿ ಲಾಭ. 2001ಕ್ಕಿಂತ ಹಳೇ ಮನೆ ಆದ್ದರಿಂದ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು. ಆಗಿನ ಸರ್ಕಾರಿ ಮೌಲ್ಯ ಮೀರುವ ಹಾಗಿಲ್ಲ. ಆಮೇಲೆ ಎರಡು ದಾರಿ. ಹಣದುಬ್ಬರದ ಲೆಕ್ಕ ಸೇರಿಸಿ ನೂರಕ್ಕೆ 20, ಅಥವಾ ಸೇರಿಸದೆ ನೂರಕ್ಕೆ 12.5. ಯಾವುದು ಕಡಿಮೆಯೋ ಅದು. ಮೂವರೂ ತಮ್ಮ ತಮ್ಮ ಪಾಲಿಗೆ ಬೇರೆ ಬೇರೆ ಲೆಕ್ಕ ಹಾಕಬೇಕು. ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಇದೆ.

50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದರೆ ಕೊಳ್ಳುವವರು ನೂರಕ್ಕೆ 1 ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಮೂವರಿಗೆ ಹಂಚಿದೆ, ಒಬ್ಬೊಬ್ಬರದು 50 ದಾಟಿಲ್ಲ ಎನ್ನಲು ಆಗುವುದಿಲ್ಲ. ಅರ್ಧ ನಗದು ಕೊಡುತ್ತೇವೆ ಎನ್ನುವವರು ಬರುತ್ತಾರೆ. ಒಪ್ಪಬೇಡಿ. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಮೇಲ್ಪಟ್ಟು ನಗದು ತಗೊಂಡರೆ ಅಷ್ಟೇ ಮೊತ್ತ ದಂಡ ಬೀಳಬಹುದು. ಅಪ್ಪ ರೂಮು ಸೇರಿಸಿದ್ದು, ಮನೆ ದೊಡ್ಡದು ಮಾಡಿದ್ದು ಇದ್ದರೆ ಬಿಲ್ಲು ಹುಡುಕಿ, ಅಸಲಿನ ಲೆಕ್ಕಕ್ಕೆ ಬೇಕಾಗಬಹುದು. ಸುಣ್ಣ ಬಣ್ಣದ ಬಿಲ್ಲು ಸಾಮಾನ್ಯವಾಗಿ ನಡೆಯುವುದಿಲ್ಲ.

ನಿಟುವಳ್ಳಿ ಅಮ್ಮ
ವಾಸ್ತು ಯಾರೂ ಹೇಳಲಿಲ್ಲವಲ್ಲ. ಬಚ್ಚಲು ಈಶಾನ್ಯಕ್ಕೆ ಇದ್ದರೆ ಮೊದಲು ಅದನ್ನು ಬದಲಾಯಿಸಿ.

ಕರಣೆ ಹಿಡಿದವನು
ಬೇಡ ಅಮ್ಮ. ಮಾರುವ ಮನೆಯಲ್ಲಿ ವಾಸ್ತುಗೆ ಒಂದು ಇಟ್ಟಿಗೆಯನ್ನೂ ಕೀಳಬಾರದು. ತಗೊಳ್ಳುವವರು ತಮ್ಮ ಶಾಸ್ತ್ರಿಗಳನ್ನು ಕರೆತರುತ್ತಾರೆ, ಅವರು ಬೇರೆಯೇ ಹೇಳುತ್ತಾರೆ. ಒಂದೇ ಬಾಗಿಲನ್ನು ಎರಡು ವರ್ಷದಲ್ಲಿ ಎರಡು ಸಲ ಇಟ್ಟು ಕಿತ್ತಿದ್ದೇನೆ.

ನಿಟುವಳ್ಳಿ ಅಮ್ಮ
ನಂಬುವವರಿಗೆ ಅದು ದೊಡ್ಡ ವಿಷಯ ತಮ್ಮ. ಆದರೆ ಖರ್ಚಿನ ಮಾತು ಒಪ್ಪಿದೆ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ಆ ತಿಂಗಳು ಕೆಲಸ ಮಾಡಿಸಿ, ಶ್ರಾವಣಕ್ಕೆ ತೋರಿಸಲು ಶುರು ಮಾಡಮ್ಮ.

ವಿನೋಬನಗರದ ಮಗಳು
ಒಂದು ವಿಷಯ ಹೇಳಿರಲಿಲ್ಲ. ಬಂದವರಿಗೆಲ್ಲ ಅಮ್ಮ ಹಿಂದಿನ ರೂಮು ತೋರಿಸಿ "ಇವರು ಇಲ್ಲೇ ಹೋಗಿದ್ದು" ಎಂದು ಹೇಳಿ ಅತ್ತುಬಿಡುತ್ತಾರೆ. ಬ್ರೋಕರ್ ನನಗೆ ಫೋನ್ ಮಾಡಿ, ಅಮ್ಮನನ್ನು ಸುಮ್ಮನಿರಲು ಹೇಳಿ ಎಂದರು. ನನಗೆ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. 40 ವರ್ಷದ ಸಂಸಾರ.

ಹರಿಹರದ ಸೇತುವೆ
ಮನೆ ತೋರಿಸುವ ಹೊತ್ತಿಗೆ ಅಮ್ಮನನ್ನು ಕುಂದುವಾಡ ಕೆರೆ ಕಡೆಗೋ ಗಾಜಿನ ಮನೆಗೋ ಕರೆದುಕೊಂಡು ಹೋಗಿ. ಅವರಿಗೂ ಗಾಳಿ ಸಿಕ್ಕ ಹಾಗಾಗುತ್ತದೆ.

ಅಡಿಕೆ ಸೀಮೆ
ನನಗೆ ಹಾಗನಿಸುವುದಿಲ್ಲ. ಅಮ್ಮ ಇರಲಿ. ಮನೆ ಕಟ್ಟಿಸಿದವರು ಅದೇ ಮನೆಯಲ್ಲಿ ವಯಸ್ಸಾಗಿ ಹೋದರು ಅಂದರೆ ನಮ್ಮ ಕಡೆ ಅದನ್ನು ಕೆಟ್ಟದ್ದು ಅನ್ನುವುದಿಲ್ಲ. ಪಕ್ಕದವರಿಂದ ಗೊತ್ತಾಗುವುದಕ್ಕಿಂತ ಅವರ ಬಾಯಿಂದಲೇ ಕೇಳುವುದು ಒಳ್ಳೆಯದು. ಆದರೆ ಮೊದಲು ಆ ರೂಮಿಗೆ ಕರೆದುಕೊಂಡು ಹೋಗುವುದು ಬೇಡ. ಒದ್ದೆ ಗೋಡೆ ಮುಂದೆ ನಿಂತು ಸಾವಿನ ಮಾತು ಕೇಳಿದರೆ ಯಾರಿಗಾದರೂ ಮನಸ್ಸು ಕುಗ್ಗುತ್ತದೆ. ಹಿತ್ತಲಿನಿಂದ ಶುರು ಮಾಡಿ.

ದುರ್ಗದವನು
ಅಡಿಕೆ ಸೀಮೆಯವರ ಮಾತಿಗೆ ನಂದೂ ಒಂದು ಓಟು.

ವಿನೋಬನಗರದ ಮಗಳು
ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ. ಬೆವರು ಗೋಡೆ ಕಡೆಯೇ ಇದೆ. ಒದ್ದೆ ಇರುವುದು ಸೊಂಟದ ಎತ್ತರದಲ್ಲಿ, ಅಡ್ಡಕ್ಕೆ ಪಟ್ಟಿಯ ಹಾಗೆ. ಬೇಸಿಗೆಯಲ್ಲೂ ಇತ್ತು ಎಂದು ಅಮ್ಮ ಹೇಳುತ್ತಾರೆ.

ಕರಣೆ ಹಿಡಿದವನು
ಹಾಗಾದರೆ ಪೈಪೇ ಅಕ್ಕ. 1994 ಅಂದರೆ ಗೋಡೆಯೊಳಗೆ ಜಿಐ ಪೈಪು, ಅಂದರೆ ಸತು ಬಳಿದ ಕಬ್ಬಿಣದ ಪೈಪು, ಹಾಕಿರುತ್ತಾರೆ. 30 ವರ್ಷಕ್ಕೆ ಒಳಗಿಂದ ತುಕ್ಕು ತಿಂದಿರುತ್ತದೆ, ಜಾಯಿಂಟಲ್ಲಿ ಸಣ್ಣಗೆ ಜಿನುಗುತ್ತದೆ. ಖಾತ್ರಿ ಮಾಡಿಕೊಳ್ಳಿ. ರಾತ್ರಿ ಎಲ್ಲ ನಲ್ಲಿ ಬಿಗಿ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಮುಗಿಯಿತು. ಪೈಪು ಎಲ್ಲಿ ಹಾದಿದೆ ಎಂದು ನಕ್ಷೆ ಏನಾದರೂ ಇದೆಯಾ? ಇದ್ದರೆ ಅರ್ಧ ಗೋಡೆ ಒಡೆಯುವುದು ತಪ್ಪುತ್ತದೆ.

ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಇದೆಯಾ ಅದನ್ನೂ ನೋಡಿ. ಎರೆ ಮಣ್ಣಿನ ಜಾಗದಲ್ಲಿ ಮಳೆಗೆ ಮಣ್ಣು ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಗೋಡೆ ಸೀಳುತ್ತದೆ. ಇದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಬೆಳೆಯದೇ ಇದ್ದರೆ ತುಂಬಿಸಿ ಬಿಡಿ, ಹೆದರುವುದು ಬೇಡ.

ವಿನೋಬನಗರದ ಮಗಳು
ಐದು ವಾರದ ಮೇಲೆ ಬರೆಯುತ್ತಿದ್ದೇನೆ. ನೀರಿನ ಮಟ್ಟ ನಾಲ್ಕು ಬೆರಳು ಇಳಿದಿತ್ತು. ನಕ್ಷೆ ಹುಡುಕಲು ಅಪ್ಪನ ಟ್ರಂಕು ತೆಗೆದೆವು. ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಪಾಯ ತೋಡಿದ ದಿನದಿಂದ ಬರೆದಿದ್ದಾರೆ. ಸಿಮೆಂಟು ಎಷ್ಟು ಮೂಟೆ, ಗೌಂಡಿ ಕೂಲಿ ಎಷ್ಟು, ಯಾವ ಗೋಡೆಯಲ್ಲಿ ಪೈಪು ಎಷ್ಟು ಅಡಿ ಎತ್ತರಕ್ಕೆ ಹೋಗಿದೆ, ವೈರಿಂಗ್ ಎಲ್ಲಿ. ಹಿಂದಿನ ರೂಮಿನ ಗೋಡೆಗೆ "ಬಚ್ಚಲಿಗೆ ಹೋಗುವ ಪೈಪು, 3 ಅಡಿ, ಮೊಳೆ ಹೊಡೆಯಬೇಡಿ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಒಂದೇ ಕಡೆ ಒಡೆದೆವು, ಜಾಯಿಂಟು ಪುಡಿ ಪುಡಿ. ಆ ಸಾಲು ಪೂರ್ತಿ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ, ಪ್ಲಾಸ್ಟರ್ ಮಾಡಿಸಿ ಒಟ್ಟು 38 ಸಾವಿರ ಆಯಿತು. ಪ್ಲಾಸ್ಟರ್ ಒಣಗಲು ಬಿಟ್ಟಿದ್ದೇವೆ, ಅಲ್ಲಿ ಬಣ್ಣ ಇನ್ನೂ ಹೊಡೆಸಿಲ್ಲ. ಗೇಟು, ಪಡಸಾಲೆಗೆ ಮಾತ್ರ ಬಣ್ಣ. ನೆಲಕ್ಕೆ ವ್ಯಾಕ್ಸ್. ಸಂಪು ತೊಳೆಸಿದೆವು. ಇಸಿಯಲ್ಲಿ ಹಳೇ ಅಡಮಾನ ನಿಜವಾಗಿಯೂ ಉಳಿದಿತ್ತು, ಬ್ಯಾಂಕಿನಿಂದ ಪತ್ರ ತಂದು ರದ್ದು ಮಾಡಿಸಿದೆವು. ಇ-ಖಾತೆ ಅರ್ಜಿ ಹಾಕಿ ಆಗಿದೆ. ಎಲ್ಲ ಸೇರಿ ಒಂದು ಲಕ್ಷವೂ ಮುಟ್ಟಿಲ್ಲ.

ಕರಣೆ ಹಿಡಿದವನು
ನಿಮ್ಮ ಅಪ್ಪನಂಥ ಯಜಮಾನರು ಒಬ್ಬರು ಸಿಕ್ಕರೂ ನಮ್ಮ ಕೆಲಸ ಸಲೀಸು. ಹೊಸ ಪ್ಲಾಸ್ಟರ್‌ಗೆ ಒಂದು ವಾರ ನೀರು ಹೊಡೆದಿದ್ದೀರಿ ತಾನೇ? ಬಣ್ಣಕ್ಕೆ 28 ದಿನ ಕಾಯಿರಿ.

ಬಣ್ಣದ ಡಬ್ಬಿ
ಕಾಯಿರಿ ಅಕ್ಕ. ಆ ಪುಟ್ಟಿ ಮಾತು ನಾನು ವಾಪಸ್ ತಗೊಂಡಿದ್ದೇನೆ.

ವಿನೋಬನಗರದ ಮಗಳು
ಶ್ರಾವಣದ ಎರಡನೇ ವಾರ ಜಗಳೂರು ಕಡೆಯ ಮೇಷ್ಟ್ರು ದಂಪತಿ ಬಂದಿದ್ದರು. ಅಮ್ಮನೇ ತೋರಿಸಿದರು, ಹಿತ್ತಲಿನಿಂದ. ಒಡೆದು ಸರಿ ಮಾಡಿದ ಗೋಡೆಯನ್ನೂ ತೋರಿಸಿ, ಇಲ್ಲಿ ಹೀಗಾಗಿತ್ತು ಎಂದು ಹೇಳಿದೆವು. ಮೇಷ್ಟ್ರು ಅಪ್ಪನ ನೋಟ್‌ಬುಕ್ ಹಿಡಿದು ಅರ್ಧ ಗಂಟೆ ಕೂತರು. 69ಕ್ಕೆ ಮಾತು ಮುಗಿದು ಕರಾರು ಆಗಿದೆ. ಇ-ಖಾತೆ ಬಂದ ಮೇಲೆ ನೋಂದಣಿ. ನೋಟ್‌ಬುಕ್ ಅವರಿಗೆ ಬೇಕಂತೆ. ನಾನು ಜೆರಾಕ್ಸ್ ಕೊಡುತ್ತೇನೆ ಎಂದೆ, ಅಮ್ಮ "ಮನೆ ಜೊತೆ ಅದೂ ಇರಲಿ, ಜೆರಾಕ್ಸ್ ನಮಗೆ" ಎಂದರು.

ಒಂದೇ ಪ್ರಶ್ನೆ ಉಳಿದಿದೆ. ಅಡುಗೆಮನೆ ನೆಲದಲ್ಲಿ ಹೂತಿರುವ ಒಳಕಲ್ಲು ಅಮ್ಮನ ತವರಿನದು. ತೆಗೆದುಕೊಂಡು ಹೋಗಬೇಕು ಎನ್ನುತ್ತಾರೆ. ಕೀಳಬಹುದಾ?

ಕರಣೆ ಹಿಡಿದವನು
ಹಾರೆ ಹಾಕಬೇಡಿ, ಸುತ್ತಲಿನ ರೆಡ್ ಆಕ್ಸೈಡ್ ಚಕ್ಕೆ ಏಳುತ್ತದೆ. ಕಲ್ಲಿನ ಸುತ್ತ ಕಟರ್‌ನಿಂದ ಗೆರೆ ಹೊಡೆಸಿ ಆಮೇಲೆ ಎತ್ತಿಸಿ. ಗುಂಡಿಗೆ ಕಡಪ ಚಪ್ಪಡಿ ಕೂರಿಸಿ, ಕೆಂಪು ಬಣ್ಣ ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಮೇಷ್ಟ್ರಿಗೆ ಮೊದಲೇ ಹೇಳಿ. ನಾನು ನಿಟುವಳ್ಳಿಯಲ್ಲೇ ಇರುವುದು, ಭಾನುವಾರ ಬಿಡುವು. ಬಂದು ತೆಗೆದುಕೊಡುತ್ತೇನೆ, ಅಮ್ಮ ಒಂದು ಲೋಟ ಟೀ ಕೊಟ್ಟರೆ ಸಾಕು.